ಕೌದಿಯನ್ನು ಗೋಡೆಗೆ ಹಾಕೋಣ: ಕೈಯಿಂದ ಬಣ್ಣ ಹಾಕಿದ ಬಟ್ಟೆ, ಕಸೂತಿ, ಎರೆಹೊಲದ ಬಿರುಕು

ಎರೆಮಣ್ಣು, ಕಲಬುರಗಿ

ಎಲ್ಲರಿಗೂ ಶರಣಾರ್ಥಿ.

ಒಂದು ದೊಡ್ಡ ಕೌದಿ ಶುರು ಮಾಡಿದ್ದೇನೆ. ಹೊದೆಯೋಕಲ್ಲ, ಗೋಡೆಗೆ. ಅಗಲ ನಾಲ್ಕು ಅಡಿ, ಉದ್ದ ಐದು ಅಡಿ. ಇದರಲ್ಲಿ ಹೂವು, ಗಿಳಿ, ತೇರು ಏನೂ ಇರಲ್ಲ. ಬಣ್ಣ, ಆಕಾರ, ಹೊಲಿಗೆ ಇಷ್ಟೇ. ಬಟ್ಟೆಗೆ ಬಣ್ಣ ನಾನೇ ಹಾಕಬೇಕು, ಕಸೂತಿನೂ ಕೈಯಲ್ಲೇ ಆಗಬೇಕು.

ಮನಸ್ಸಿನಲ್ಲಿ ಇರುವುದು ನಮ್ಮ ಎರೆಹೊಲ. ಬೇಸಿಗೆಯಲ್ಲಿ ಜೇವರ್ಗಿ ರಸ್ತೆ ಹಿಡಿದರೆ ಎರಡೂ ಕಡೆ ನೆಲ ಬಾಯಿ ಬಿಟ್ಟಿರುತ್ತದೆ. ಆ ಬಿರುಕನ್ನು ಹತ್ತಿರ ಕೂತು ನೋಡಿದ್ದೀರಾ? ಒಂದು ದೊಡ್ಡ ಬಿರುಕು ಹೊರಡುತ್ತದೆ. ಅದರ ಮೈಯಿಂದ ಸಣ್ಣದು, ಸಣ್ಣದರಿಂದ ಇನ್ನೂ ಸಣ್ಣದು. ನಡುವೆ ಉಳಿಯುವ ಹೆಂಟೆಗಳು ಒಂದರಂತೆ ಒಂದಿಲ್ಲ. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಮೇಲೆಲ್ಲ ಬೂದಿ ಬಣ್ಣ. ಬಿರುಕಿನ ಒಳಗೆ ಕಣ್ಣು ಹಾಯಿಸಿದರೆ ಕಡುಕಪ್ಪು, ಕೆಳಗೆ ಇನ್ನೂ ತೇವ ಇರುತ್ತದಲ್ಲ. ನನಗೆ ಬೇಕಾಗಿರುವುದು ಆ ಬೂದಿಯಿಂದ ಕಪ್ಪಿನವರೆಗಿನ ದಾರಿ. ಒಂದು ಮೂಲೆಯಲ್ಲಿ ಶಹಾಬಾದ್ ಕಲ್ಲಿನ ನೀಲಿಬೂದಿ, ಇನ್ನೊಂದು ಕಡೆ ತೊಗರಿ ಹೂವಿನ ಹಳದಿ ಸ್ವಲ್ಪ. ಅಷ್ಟೇ ಬಣ್ಣ.

ಮಾದರಪಾಟ, ಅಂದರೆ ಸಾದಾ ಹತ್ತಿ ಬಟ್ಟೆ, ತಂದಿದ್ದೇನೆ. ಒಳಪದರಕ್ಕೆ ಮನೆಯ ಹಳೇ ಧೋತರ ಇವೆ. ಕೇಳಬೇಕಾಗಿರುವುದು ಮೂರು.

ಹತ್ತಿ ಬಟ್ಟೆಗೆ ಗಟ್ಟಿ ಕಪ್ಪು ಹೇಗೆ ತರುವುದು? ನಮ್ಮ ಬೋರ್‌ವೆಲ್ ನೀರಿನಲ್ಲಿ ಬಣ್ಣ ಸರಿಯಾಗಿ ಹಿಡಿಯುತ್ತದಾ? ಕಸೂತಿ ಯಾವುದು ಹೊಂದುತ್ತದೆ, ಧಾರವಾಡದ ಕಡೆಯ ಗವಂಟಿನಾ, ಲಂಬಾಣಿ ತಾಂಡಾಗಳ ಕನ್ನಡಿ ಕೆಲಸನಾ?

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಎಲ್ಲ ಮುಗಿದ ಮೇಲೆ ಚೆಂದ ಕಾಣಲಿ ಅಂತ ಕಸೂತಿ ಅಂಟಿಸುವುದು ನನಗೆ ಬೇಡ. ಪದರಗಳನ್ನು ಹಿಡಿದಿಡುವ ಹೊಲಿಗೆಯೇ ಚಿತ್ರ ಆಗಬೇಕು. ಹೊಲಿಗೆ ಬಿಚ್ಚಿದರೆ ಚಿತ್ರನೂ ಹೋಗಬೇಕು, ಕೌದಿನೂ ಹೋಗಬೇಕು.

ಹಳೇಕೌದಿ, ಸೇಡಂ

ತಂಗಿ, ಕೌದಿ ಗೋಡೆಗೆ ಯಾಕೆ ಅಂತ ಮೊದಲು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ಕೌದಿ ಅಂದರೆ ಮೈಮೇಲೆ ಇರಬೇಕು. ಬಾಣಂತಿಗೆ, ಕೂಸಿಗೆ, ಮದುವೆಯಾಗಿ ಹೋಗುವ ಮಗಳಿಗೆ. ಹಳೇ ಸೀರೆ ಎಷ್ಟು ತೊಳೆದಿರುತ್ತೇವೋ ಅಷ್ಟು ಮೆತ್ತಗೆ ಇರುತ್ತದೆ. ಆ ಮೆತ್ತಗಿರೋದೇ ಅದರ ಬೆಲೆ. ಗೋಡೆ ಮೇಲೆ ಹಾಕಿದರೆ ಅದನ್ನು ಯಾರು ಮುಟ್ಟುತ್ತಾರೆ?

ಆದರೆ ನೀನು ಹೇಳುವ ಅಮೂರ್ತ ನಮಗೆ ಹೊಸದೇನಲ್ಲ. ನಮ್ಮತ್ತೆ ಕೌದಿ ಹಾಕುವಾಗ ಕಾಗದದ ಮೇಲೆ ಏನೂ ಬರೀತಿರಲಿಲ್ಲ. ಸೀರೆ ಹಾಸಿ, ತುಂಡುಗಳನ್ನು ಮೇಲೆ ಇಟ್ಟು, ದೂರ ನಿಂತು ನೋಡುತ್ತಿದ್ದರು. ಕೆಂಪಿನ ಪಕ್ಕ ಕೆಂಪು ಬಂದರೆ ತೆಗೆಯುತ್ತಿದ್ದರು. ಒಂದು ಮೂಲೆ ಭಾರ ಆಯಿತು ಅನ್ನಿಸಿದರೆ ಎದುರು ಮೂಲೆಗೆ ಒಂದು ಕಪ್ಪು ತುಂಡು ಹೋಗುತ್ತಿತ್ತು. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಗಂಡಸರ ಅಂಗಿ, ಎಲ್ಲ ಹಾಗೇ ಕೂರುತ್ತಿದ್ದವು.

ಹೊಲಿಗೆ ಅಂಚಿನಿಂದ ಶುರು ಮಾಡು. ಸುತ್ತ ಸುತ್ತ ಒಳಗೆ ಬಾ. ನಡುವಿನಿಂದ ಅಂಚಿಗೆ ಹೋದರೂ ನಡೆಯುತ್ತದೆ. ಆದರೆ ಮನಸ್ಸಿಗೆ ಬಂದ ಕಡೆ ಅಲ್ಲೊಂದು ಇಲ್ಲೊಂದು ಹಾಕಿದರೆ ಬಟ್ಟೆ ನಡುವೆ ಉಬ್ಬಿ ನಿಲ್ಲುತ್ತದೆ. ನಮ್ಮ ಕಡೆ ಹೊಲಿಗೆ ಜೋಳದ ಕಾಳಿನಷ್ಟು ಇರುತ್ತದೆ. ಅದಕ್ಕಿಂತ ದೊಡ್ಡದಾದರೆ ಕಾಲಿನ ಬೆರಳು ಸಿಕ್ಕಿಕೊಳ್ಳುತ್ತದೆ. ನಿನ್ನದು ಗೋಡೆಗೆ ಹೋಗೋದರಿಂದ ಆ ಚಿಂತೆ ಇಲ್ಲ.

ಬೀದರ್‌ಕೋಟೆ, ಬೀದರ್

ಎರೆಮಣ್ಣು ಅವರೇ, ಬಣ್ಣದ ವಿಷಯ ನಾನು ಹೇಳ್ತೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಮನೆಯಲ್ಲಿ ಹೆಂಡತಿ ಬಟ್ಟೆಗೆ ಬಣ್ಣ ಹಾಕುತ್ತಾರೆ, ಹಾಗಾಗಿ ಎರಡೂ ಕಡೆಯಿಂದ ಗೊತ್ತು.

ಹತ್ತಿಗೆ ರಿಯಾಕ್ಟಿವ್ ಬಣ್ಣ ತಗೊಳ್ಳಿ. ಅದರಲ್ಲೂ ಕೋಲ್ಡ್ ಬ್ರ್ಯಾಂಡ್ ಅಂತ ಸಿಗುತ್ತದಲ್ಲ, ಅದು. ಕುದಿಸಬೇಕಾಗಿಲ್ಲ. ಈ ಜಾತಿಯ ಬಣ್ಣವನ್ನು ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಅನ್ನುವ ಹೆಸರಿನಲ್ಲಿ 1956ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮುಂಚಿನ ಬಣ್ಣಗಳಲ್ಲಿ ಹೆಚ್ಚಿನವು ನೂಲಿಗೆ ಅಂಟಿಕೊಂಡು ಕೂರುತ್ತಿದ್ದವು, ಅಷ್ಟೇ. ಇದು ನೂಲಿನ ಜೊತೆ ಗಟ್ಟಿ ಬಂಧ ಮಾಡಿಕೊಳ್ಳುತ್ತದೆ. ಹಾಗಾಗಿ ಒಗೆದರೂ ಬಿಡಲ್ಲ. ಆ ಬಂಧ ಆಗೋಕೆ ಕ್ಷಾರ ಬೇಕು. ಅದಕ್ಕೇ ಸೋಡಾ ಆ್ಯಶ್.

ಬಣ್ಣಕ್ಕೆ ಮುಂಚೆ ಬಟ್ಟೆಯ ಗಂಜಿ ತೆಗೆಯಿರಿ. ಮಾದರಪಾಟದಲ್ಲಿ ಗಂಜಿ ಜಾಸ್ತಿ. ಸೋಪಿನ ಪುಡಿ, ಸ್ವಲ್ಪ ಸೋಡಾ ಹಾಕಿ ಒಂದು ತಾಸು ಕುದಿಸಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮೇಲೆ ನಿಂತರೆ ಇನ್ನೊಮ್ಮೆ ಕುದಿಸಬೇಕು. ತಕ್ಷಣ ಇಂಗಿದರೆ ಬಟ್ಟೆ ತಯಾರು.

ಒಂದು ಲೀಟರ್ ನೀರಿಗೆ 30ರಿಂದ 40 ಗ್ರಾಂ ಸೋಡಾ ಆ್ಯಶ್ ಕರಗಿಸಿ, ಅದರಲ್ಲಿ ಬಟ್ಟೆ ಅರ್ಧ ತಾಸು ನೆನೆಸಿ, ಹಿಂಡಿ, ಮೇಲೆ ಬಣ್ಣದ ನೀರು ಹಾಕಿ. ಕಿರಾಣಿಯಲ್ಲಿ ಸಿಗುವ ಹರಳು ಹರಳಾದ ವಾಷಿಂಗ್ ಸೋಡಾದಲ್ಲಿ ತೂಕದ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅದನ್ನು ಬಳಸಿದರೆ ಎರಡೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಬೇಕು. ಅಡುಗೆ ಸೋಡಾ ಸಾಲದು.

ಈಗ ನಮ್ಮ ಕಡೆಯ ಮುಖ್ಯ ಸಮಸ್ಯೆ. ಪುಸ್ತಕಗಳಲ್ಲಿ ಬಟ್ಟೆಯನ್ನು ಬೆಚ್ಚಗೆ ಇಡಿ ಅಂತ ಬರೆದಿರುತ್ತಾರೆ. ಕಲಬುರಗಿಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟುತ್ತದೆ, ಬೆಚ್ಚಗಿಡುವ ಮಾತೇ ಇಲ್ಲ. ತೊಂದರೆ ಏನಂದರೆ ಬಟ್ಟೆ ಬೇಗ ಒಣಗುತ್ತದೆ. ಒಣಗಿದ ಕ್ಷಣಕ್ಕೆ ಬಣ್ಣದ ಕೆಲಸ ನಿಂತಿತು. ಮೇಲೆ ನೋಡೋಕೆ ಗಾಢವಾಗಿ ಕಾಣುತ್ತದೆ, ತೊಳೆದಾಗ ಎಲ್ಲ ಹರಿದು ಹೋಗುತ್ತದೆ. ಹಾಗಾಗಿ ಬಣ್ಣ ಹಾಕಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿ, ನೆರಳಲ್ಲಿ ರಾತ್ರಿಯಿಡೀ ಬಿಡಿ. ಬಣ್ಣದ ನೀರಿಗೆ ಸ್ವಲ್ಪ ಯೂರಿಯಾ ಹಾಕಿದರೆ ತೇವ ಹಿಡಿದಿಡುತ್ತದೆ. ಹೊಲಕ್ಕೆ ಹಾಕುವ ಯೂರಿಯಾಕ್ಕೆ ಈಗ ಬೇವಿನ ಎಣ್ಣೆ ಲೇಪ ಇರುತ್ತದೆ. ಬಟ್ಟೆಗೆ ಲೇಪ ಇಲ್ಲದ್ದೇ ಬೇಕು, ರಾಸಾಯನಿಕ ಮಾರುವ ಅಂಗಡಿಯಲ್ಲಿ ಕೇಳಿ.

ಕಪ್ಪಿಗೆ ಬಣ್ಣ ಜಾಸ್ತಿ ಬೇಕು. ಬೇರೆ ಬಣ್ಣಕ್ಕೆ 100 ಗ್ರಾಂ ಬಟ್ಟೆಗೆ 3-4 ಗ್ರಾಂ ಸಾಕು, ಕಪ್ಪಿಗೆ 8 ಗ್ರಾಂ. ನಿಮಗೆ ಬೂದಿಯಿಂದ ಕಪ್ಪಿನವರೆಗೆ ಬೇಕು ಅಂದಿರಲ್ಲ. ಒಂದೇ ತೂಕದ ಐದು ತುಂಡು ಮಾಡಿಕೊಳ್ಳಿ. ಮೊದಲನೆಯದಕ್ಕೆ 8 ಗ್ರಾಂ, ಆಮೇಲೆ 4, 2, 1, ಅರ್ಧ. ಪ್ರತಿ ಸಲ ಅರ್ಧಕ್ಕೆ ಇಳಿಸಿದರೆ ಕಣ್ಣಿಗೆ ಮೆಟ್ಟಿಲು ಸಮ ಅನ್ನಿಸುತ್ತದೆ.

ಬೋರ್‌ವೆಲ್ ನೀರಿನ ಬಗ್ಗೆ ನೀವು ಕೇಳಿದ್ದು ಸರಿ. ಗಡಸು ನೀರಿಗೆ ಸೋಡಾ ಹಾಕಿದರೆ ಬಿಳಿ ಗಸಿ ಬೀಳುತ್ತದೆ, ಬಣ್ಣ ಮಂಕಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಬಣ್ಣ ಕಲಸೋಕೆ ಬಳಸಿ. ತೊಳೆಯೋಕೆ ಬೋರ್ ನೀರು ಪರವಾಗಿಲ್ಲ. ಮೊದಲು ತಣ್ಣೀರಲ್ಲಿ ಸೋಡಾ ಹೋಗುವ ತನಕ, ಆಮೇಲೆ ಕೈ ಸುಡುವಷ್ಟು ಬಿಸಿ ನೀರಲ್ಲಿ ಸೋಪು ಹಾಕಿ. ನೂಲಿಗೆ ಸೇರದೆ ಉಳಿದ ಬಣ್ಣ ಬಿಸಿ ನೀರಿಗೇ ಬಿಡುವುದು. ಕೊನೆಗೆ ಒದ್ದೆ ಬಟ್ಟೆಯ ಮೇಲೆ ಬಿಳಿ ಚೂರು ಇಟ್ಟು ಇಸ್ತ್ರಿ ಒತ್ತಿ. ಬಿಳಿ ಬಿಳಿಯಾಗೇ ಉಳಿದರೆ ಆಯಿತು.

ಪುಡಿ ಕಲಸುವಾಗ ಮಾಸ್ಕ್, ಗ್ಲೌಸ್ ಕಡ್ಡಾಯ. ಈ ಪುಡಿ ಉಸಿರಿಗೆ ಹೋದರೆ ಅಲರ್ಜಿ, ಅಸ್ತಮಾ ಆಗಬಹುದು. ಫ್ಯಾನ್ ಆರಿಸಿ. ಅಡುಗೆ ಪಾತ್ರೆ ಬೇಡ, ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ, ಸೋಡಾ ಅದನ್ನು ತಿನ್ನುತ್ತದೆ.

ಕುಸುಬೆ, ಭಾಲ್ಕಿ

ಬೀದರ್‌ಕೋಟೆ ಸರ್ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಎರೆಹೊಲದ ಕೌದಿಗೆ ಎರೆಹೊಲದ ಬಣ್ಣ ಒಂದಾದರೂ ಬೇಡವಾ ಅಕ್ಕಾ?

ನಮ್ಮ ಜಿಲ್ಲೆಗಳಲ್ಲಿ ಕುಸುಬೆ ಎಣ್ಣೆಗೆ ಅಂತಲೇ ಬೆಳೆಯುತ್ತಾರೆ. ಹಿಂದೆ ಅದರ ಹೂವಿಗೇ ಬೆಲೆ ಇತ್ತು. ಹೂವಿನಲ್ಲಿ ಎರಡು ಬಣ್ಣ ಇವೆ. ಒಣ ಎಸಳನ್ನು ತಣ್ಣೀರಲ್ಲಿ ನೆನೆಸಿ ಹಿಸುಕಿದರೆ ಹಳದಿ ಬಿಡುತ್ತದೆ. ಹಳದಿ ಪೂರ್ತಿ ಹೋಗುವ ತನಕ ತೊಳೆಯಬೇಕು. ಉಳಿದ ಎಸಳಿಗೆ ಸೋಡಾ ನೀರು ಹಾಕಿ ಹಿಸುಕಿದರೆ ಒಳಗಿರುವ ಕೆಂಪು ಹೊರಗೆ ಬರುತ್ತದೆ. ಆಗ ನೀರು ಕಂದು ಕಂದಾಗಿ ಕಾಣುತ್ತದೆ, ಏನೂ ಆಸೆ ಹುಟ್ಟಲ್ಲ. ಅದಕ್ಕೆ ನಿಂಬೆ ರಸ ಹಿಂಡುತ್ತಾ ಹೋಗಿ. ಬುರುಗು ಬಂದು, ನಿಮ್ಮ ಕಣ್ಣೆದುರೇ ನೀರು ಕೆಂಪಾಗುತ್ತದೆ. ಅದರಲ್ಲಿ ಹತ್ತಿ ಬಟ್ಟೆ ಬಿಟ್ಟರೆ ಗುಲಾಬಿ. ಮತ್ತೆ ಮತ್ತೆ ಅದ್ದಿದರೆ ಕೆಂಪು. ಪಟಕ ಹಾಕಬೇಕಾಗಿಲ್ಲ, ಬೇಯಿಸಬೇಕಾಗಿಲ್ಲ. ಬಿಸಿ ಮಾಡಿದರೆ ಕೆಡುತ್ತದೆ.

ಹೂವು ಬಾಡಿ ಕೆಂಪಿಗೆ ತಿರುಗಿದ ಮೇಲೆ ಎಸಳು ಕೀಳಬೇಕು. ಅಷ್ಟೊತ್ತಿಗೆ ಕಾಳು ಕಟ್ಟಿರುತ್ತದೆ, ರೈತರಿಗೂ ನಷ್ಟ ಇಲ್ಲ. ಮುಳ್ಳು ಮಾತ್ರ ಜಾಸ್ತಿ, ದಪ್ಪ ಗ್ಲೌಸ್ ಹಾಕ್ಕೊಳ್ಳಿ.

ಬೀದರ್‌ಕೋಟೆ, ಬೀದರ್

ಕುಸುಬೆ ತಮ್ಮಾ, ತುಂಬಾ ಚೆನ್ನಾಗಿ ಹೇಳಿದೆ. ಒಂದು ಮಾತು ಸೇರಿಸಲೇಬೇಕು. ಆ ಕೆಂಪು ಬಿಸಿಲಿಗೆ ನಿಲ್ಲಲ್ಲ. ಅರಿಶಿನದ್ದೂ ಅದೇ ಕಥೆ, ಮುತ್ತುಗದ ಹೂವಿನದ್ದೂ ಅದೇ. ಹೋಳಿ ಹಬ್ಬಕ್ಕೆ ಚೆಂದ, ಗೋಡೆಗೆ ಬೇಡ. ಗೋಡೆಯ ಕೌದಿ ವರ್ಷಗಟ್ಟಲೆ ಬೆಳಕಲ್ಲಿ ಇರುವಂಥದ್ದು. ಹಳದಿ ಬೇಕಾದರೆ ದಾಳಿಂಬೆ ಸಿಪ್ಪೆ, ಪಟಕ. ಅದು ಇವಕ್ಕಿಂತ ಎಷ್ಟೋ ಗಟ್ಟಿ.

ಕುಸುಬೆ, ಭಾಲ್ಕಿ

ಸರ್, ಬಣ್ಣ ಮಾಸುವುದು ತಪ್ಪಾ? ಹೊಲದ ಬಣ್ಣನೂ ಮಾಸುತ್ತದೆ. ಕೌದಿ ಮಾಡುವವರಿಗೆ ಅದು ಮೊದಲೇ ಗೊತ್ತಿದ್ದರೆ ಅದನ್ನೂ ಲೆಕ್ಕಕ್ಕೆ ತಗೋಬಹುದು. ಗುಲಾಬಿ ತುಂಡು ಎಲ್ಲಿಟ್ಟರೆ, ಅದು ಮಾಸಿದ ಮೇಲೂ ಪಕ್ಕದ ಬೂದಿ ಚೆನ್ನಾಗಿ ಕಾಣುತ್ತದೆ ಅಂತ ಯೋಚಿಸಿ ಇಡಬಹುದಲ್ವಾ?

ಬೀದರ್‌ಕೋಟೆ, ಬೀದರ್

ಸ್ವಂತಕ್ಕೆ ಆದರೆ ಸರಿ. ಯಾರಿಗಾದರೂ ಮಾರುವುದಾದರೆ ಮೊದಲೇ ಹೇಳಿಬಿಡಬೇಕು. ಇದರಲ್ಲಿ ನಾನು ಬದಲಾಗಲ್ಲ.

ಬಿದರಿ, ಬೀದರ್

ನನಗೊಂದು ಪ್ರಶ್ನೆ. ಬಿದರಿ ಕೆಲಸದಲ್ಲಿ ಕಪ್ಪು ಬರಿಸೋಕೆ ನಮ್ಮ ಕೋಟೆಯ ಮಣ್ಣು, ನವಸಾಗರ ಬಳಸುತ್ತಾರಲ್ಲ. ಆ ಮಣ್ಣಿನಿಂದ ಬಟ್ಟೆಗೆ ಕಪ್ಪು ಬರಿಸಬಹುದಾ?

ಬೀದರ್‌ಕೋಟೆ, ಬೀದರ್

ಬರಲ್ಲ. ಬಿದರಿ ಪಾತ್ರೆಯ ಮೈ ಸತು, ಅದರಲ್ಲಿ ಸ್ವಲ್ಪ ತಾಮ್ರ. ಮಣ್ಣು, ನವಸಾಗರ ಸೇರಿದಾಗ ಆ ಲೋಹದ ಮೇಲ್ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಅಂದರೆ ಮಣ್ಣು ತಾನೇ ಬಣ್ಣ ಅಲ್ಲ, ಲೋಹದ ಮೇಲೆ ಕೆಲಸ ಮಾಡುತ್ತದೆ. ಬಟ್ಟೆಯಲ್ಲಿ ಆ ಲೋಹವೇ ಇಲ್ಲ.

ಬಟ್ಟೆಗೆ ಊರಿನ ಕಪ್ಪು ಬೇಕಾದರೆ ಅಳಲೆಕಾಯಿ, ಕಬ್ಬಿಣ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಎರಡು ಮೂರು ವಾರ ಕೊಳೆಹಾಕಿ. ಅಳಲೆಕಾಯಿ ನೀರಲ್ಲಿ ನೆನೆಸಿ ಒಣಗಿಸಿದ ಬಟ್ಟೆಗೆ ಆ ನೀರು ತಗುಲಿದ ತಕ್ಷಣ ಕಪ್ಪಾಗುತ್ತದೆ. ಕಲಂಕಾರಿಯವರ ಕಪ್ಪು ಇದೇ. ಆದರೆ ಕಬ್ಬಿಣ ಜಾಸ್ತಿಯಾದರೆ ಕಾಲ ಕಳೆದಂತೆ ಹತ್ತಿ ಅಲ್ಲೇ ಟೊಳ್ಳಾಗುತ್ತದೆ. ಹಳೇ ಬಟ್ಟೆಗಳಲ್ಲಿ ಕಪ್ಪು ಭಾಗವೇ ಮೊದಲು ಹರಿದಿರುವುದು ಇದೇ ಕಾರಣಕ್ಕೆ. ಎಳೆದು ಹೊಲಿಯುವ ಜಾಗದಲ್ಲಿ ಇದು ಬೇಡ.

ಸುರಪುರದಕುಂಚ, ಸುರಪುರ

ಕೌದಿ ಗೋಡೆಗೆ ಯಾಕೆ ಅಂತ ಸೇಡಂ ಕಾಕು ಕೇಳಿದ್ದಕ್ಕೆ ನನ್ನ ಉತ್ತರ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅಮೆರಿಕದ ಹಳೇ ಕ್ವಿಲ್ಟ್‌ಗಳನ್ನು ಗೋಡೆಗೆ ಹಾಕಿ ಪ್ರದರ್ಶನ ಮಾಡಿದರು. ಹಾಸಿಗೆ ಮೇಲಿದ್ದ ಬಟ್ಟೆಯನ್ನು ಚಿತ್ರಗಳ ಹಾಗೆ ತೂಗುಹಾಕಿದರು. ಜನ ನಿಂತು ನೋಡಿದರು. ದೊಡ್ಡ ದೊಡ್ಡ ಚಿತ್ರಕಾರರು ಕ್ಯಾನ್ವಾಸ್ ಮೇಲೆ ಮಾಡಿದ್ದನ್ನು ಈ ಹೆಂಗಸರು ಎಷ್ಟೋ ಮುಂಚೆ ಬಟ್ಟೆಯಲ್ಲಿ ಮಾಡಿದ್ದರು ಅಂತ ಆಗ ಕಂಡಿತು. ಆಮೇಲೆ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಊರಿನ ಕಪ್ಪು ಹೆಂಗಸರ ಕ್ವಿಲ್ಟ್‌ಗಳೂ ಹೀಗೇ ಮ್ಯೂಸಿಯಂ ಸೇರಿದವು. ಅವೂ ಹಳೇ ಪ್ಯಾಂಟು, ಹಳೇ ಅಂಗಿಯವೇ. ಗೋಡೆಗೆ ಏರಿದರೆ ಕೌದಿಯ ಮರ್ಯಾದೆ ಕಡಿಮೆ ಆಗಲ್ಲ ಕಾಕು. ಅದನ್ನು ಹೊಲಿದವರ ಕಣ್ಣು ಎಂಥದ್ದು ಅಂತ ಜನಕ್ಕೆ ಗೊತ್ತಾಗುತ್ತದೆ. ನಿಮ್ಮತ್ತೆ ದೂರ ನಿಂತು ನೋಡುತ್ತಿದ್ದರು ಅಂದಿರಲ್ಲ, ಅದೇ ಚಿತ್ರಕಾರರ ಕೆಲಸ.

ನಮ್ಮ ರಾಜ್ಯದಲ್ಲೇ ಹಳಿಯಾಳ, ಯಲ್ಲಾಪುರ ಕಡೆ ಸಿದ್ಧಿ ಹೆಂಗಸರ ಕವಂದಿ, ಅಂದರೆ ಅವರ ಕೌದಿ, ನೋಡಿ. ಅವರೂ ಅಂಚಿನಿಂದ ಸುತ್ತ ಹೊಲಿಯುತ್ತಾ ಒಳಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮೂರು ಮೂಲೆಯ ಫುಲಾ ಇಡುತ್ತಾರೆ. ಫುಲಾ ಇಲ್ಲದಿದ್ದರೆ ಕವಂದಿ ಮುಗಿದಿಲ್ಲ ಅಂತಲೇ ಲೆಕ್ಕ.

ಎರೆಮಣ್ಣು ಅಕ್ಕಾ, ನಿಮಗೆ ಒಂದೇ ಸಲಹೆ. ತುಂಡುಗಳನ್ನು ನೆಲದ ಮೇಲೆ ಹಾಸಿ ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೆ ಚಿತ್ರ ನಿಂತಿದ್ದರೆ ನಿಂತಿತು. ಎಲ್ಲ ಒಂದೇ ಬೂದಿಯಾಗಿ ಕಂಡರೆ ಎಷ್ಟು ಕಸೂತಿ ಹಾಕಿದರೂ ಉಪಯೋಗ ಇಲ್ಲ. ಬಣ್ಣಕ್ಕಿಂತ ಮೊದಲು ಕಡು, ತಿಳಿ ನೋಡಬೇಕು. ಇನ್ನೊಂದು, ಒಂದು ದೊಡ್ಡ ಜಾಗವನ್ನು ಖಾಲಿ ಬಿಡಿ. ಹೊಲದ ಎಲ್ಲ ಕಡೆ ಬಿರುಕು ಒಂದೇ ಸಮ ಇರಲ್ಲ ಅಲ್ವಾ?

ಬಿಡುವಾದಾಗ ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ಹೋಗಿಬನ್ನಿ. 1472ರದ್ದು. ಮುಂಭಾಗದ ಹೆಂಚುಗಳಲ್ಲಿ ಎಷ್ಟೋ ಉದುರಿವೆ. ನೀಲಿ ಇದ್ದಕ್ಕಿದ್ದಂತೆ ನಿಂತು ಬರೀ ಗಾರೆ ಶುರುವಾಗುತ್ತದೆ. ಆ ನಿಲ್ಲುವ ಗೆರೆ ನೋಡಿ. ಯಾರೂ ಬೇಕಂತ ಎಳೆದ ಗೆರೆಯಲ್ಲ ಅದು. ಆದರೆ ಕತ್ತರಿ ಹಿಡಿದಾಗ ನನಗೆ ಮೊದಲು ನೆನಪಾಗುವುದು ಅದೇ.

ಎರೆಮಣ್ಣು, ಕಲಬುರಗಿ

ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಕೈಮುಗಿದೆ.

ಕಪ್ಪುಬಿಳುಪು ಫೋಟೋ ತೆಗೆದು ನೋಡಿದೆ. ಶಹಾಬಾದ್ ಕಲ್ಲಿನ ನೀಲಿಬೂದಿಯೂ ಎರಡನೇ ಮೆಟ್ಟಿಲಿನ ಮಣ್ಣಿನ ಬೂದಿಯೂ ಒಂದೇ ಆಗಿ ಕಂಡವು. ಹಾಗಾಗಿ ನೀಲಿಯನ್ನು ಇನ್ನೂ ತಿಳಿ ಮಾಡುತ್ತೇನೆ.

ಬಣ್ಣ ಹಾಕುವಾಗ ಬಟ್ಟೆಯನ್ನು ಹರಡಿ ಅದ್ದಬೇಡಿ, ಸಣ್ಣ ಡಬ್ಬದಲ್ಲಿ ಮುದ್ದೆ ಮಾಡಿ ತುಂಬಿ, ಮೇಲಿಂದ ಸ್ವಲ್ಪವೇ ಬಣ್ಣದ ನೀರು ಹಾಕಿ ಅಂತ ಒಬ್ಬರು ಫೋನಿನಲ್ಲಿ ಹೇಳಿದರು. ಹಾಗೇ ಮಾಡಿದೆ. ಮಡಿಕೆಗೆ ಸಿಕ್ಕ ಕಡೆ ಬಣ್ಣ ತಡೆದು ನಿಂತು ಗೆರೆ ಬಿದ್ದಿದೆ, ತೆರೆದಿದ್ದ ಕಡೆ ಹರಡಿದೆ. ಕಪ್ಪು ತಾನೇ ಒಡೆದು ಅಂಚಿನಲ್ಲಿ ಸ್ವಲ್ಪ ನೇರಳೆ, ಸ್ವಲ್ಪ ಹಸಿರು ಕಾಣುತ್ತಿದೆ. ಹಲವು ಬಣ್ಣ ಬೆರೆಸಿ ಮಾಡಿದ ಕಪ್ಪು ಹೀಗೇ ಒಡೆಯುತ್ತದಂತೆ. ಮಳೆ ಬಿದ್ದ ಮಾರನೇ ದಿನದ ಎರೆ ಹೀಗೇ ಇರುತ್ತದೆ.

ಕಸೂತಿ ಬಗ್ಗೆ ಯಾರೂ ಹೇಳಿಲ್ಲ. ನನ್ನ ಒಲವು ಗವಂಟಿ ಕಡೆ. ಕಾರಣ ಹೇಳ್ತೇನೆ. ಗವಂಟಿಯಲ್ಲಿ ಸೂಜಿ ಒಂದು ದಾರಿ ಹೋಗುತ್ತಾ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತದೆ. ಗಂಟು ಇಲ್ಲ, ಹಿಂದೆ ಮುಂದೆ ಎರಡೂ ಒಂದೇ. ಈಗ ಬಿರುಕನ್ನು ನೆನೆಸಿಕೊಳ್ಳಿ. ದೊಡ್ಡ ಬಿರುಕಿನ ಮೇಲೆ ಹೋಗುತ್ತಾ ಒಂದು ಕವಲು ಸಿಕ್ಕರೆ ಸೂಜಿ ಆ ಕವಲಿಗೆ ತಿರುಗುತ್ತದೆ, ತುದಿ ಮುಟ್ಟುತ್ತದೆ, ಜಾಗ ತುಂಬುತ್ತಾ ಮತ್ತೆ ದೊಡ್ಡ ಬಿರುಕಿಗೆ ಬರುತ್ತದೆ. ಮುಂದಿನ ಕವಲಿಗೂ ಹಾಗೇ. ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಕವಲೊಡೆಯುವ ಗೆರೆಗೆ ಇದಕ್ಕಿಂತ ಸರಿಯಾದ ಹೊಲಿಗೆ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಸೂಜಿದಾರ, ಹುಮನಾಬಾದ್

ಬೆಹನ್, ಮಾತು ಸರಿ. ಆದರೆ ಗವಂಟಿಗೆ ಎಳೆ ಎಣಿಸಬೇಕು. ಮೂರು ನಾಲ್ಕು ಪದರ ಸೇರಿಸಿದ ಮೇಲೆ ಎಳೆ ಎಣಿಸೋಕೆ ಆಗಲ್ಲ. ಮೇಲೆ ನೇರ ಚುಚ್ಚಿದರೂ ಕೆಳಗೆ ಸೂಜಿ ಓರೆಯಾಗಿ ಬರುತ್ತದೆ. ನಾನು ಟೇಲರ್, ಗೋದಡಿ ಹೊಲಿಯುವವರ ಮನೆಯವನು, ಅದಕ್ಕೆ ಹೇಳ್ತಿದ್ದೇನೆ.

ಎರಡು ಭಾಗ ಮಾಡಿ. ಸಣ್ಣ ಕವಲುಗಳನ್ನು ಮೇಲಿನ ಬಟ್ಟೆ ಒಂದರಲ್ಲೇ, ರಿಂಗಿಗೆ ಹಾಕಿ, ಎಳೆ ಎಣಿಸಿ ಮುಗಿಸಿ. ಆಮೇಲೆ ಅಸ್ತರ್, ಧೋತರ ಎಲ್ಲ ಸೇರಿಸಿ ಕಚ್ಚಾ ಹೊಲಿಗೆ ಹಾಕಿ. ದೊಡ್ಡ ಬಿರುಕುಗಳನ್ನು ಮಾತ್ರ ಎಲ್ಲ ಪದರ ಹಿಡಿದು ಹೊಲಿಯಿರಿ. ಅಲ್ಲಿ ಎಣಿಸಬೇಡಿ, ಕಣ್ಣಳತೆ ಸಾಕು. ಎಲ್ಲ ಪದರ ಹಿಡಿದ ಹೊಲಿಗೆ ಬಟ್ಟೆಯನ್ನು ಒಳಗೆ ಎಳೆಯುತ್ತದೆ, ಎರಡೂ ಪಕ್ಕ ಉಬ್ಬುತ್ತದೆ. ಅಂದರೆ ನಿಮ್ಮ ದೊಡ್ಡ ಬಿರುಕು ನಿಜವಾಗಿಯೂ ತಗ್ಗಾಗಿ ಕಾಣುತ್ತದೆ, ಸಣ್ಣದು ಬರೀ ಮೇಲೆ ಇರುತ್ತದೆ. ನೀವು ಕೇಳಿದ್ದು ಇದೇ ಅಲ್ವಾ?

ಕಸೂತಿ ದಟ್ಟವಾದಷ್ಟೂ ಬಟ್ಟೆ ಕುಗ್ಗುತ್ತದೆ. ಸುತ್ತ ಮೂರು ಇಂಚು ಜಾಸ್ತಿ ಬಿಟ್ಟು ಕತ್ತರಿಸಿ, ಕೊನೆಗೆ ಅಳತೆಗೆ ತನ್ನಿ. ದಾರವನ್ನೂ ಅದೇ ಬಕೆಟ್‌ನಲ್ಲಿ ಬಣ್ಣ ಹಾಕಿ, ಹತ್ತಿ ದಾರ ಆಗಿರಲಿ. ಪಾಲಿಯೆಸ್ಟರ್ ದಾರಕ್ಕೆ ಈ ಬಣ್ಣ ಹತ್ತಲ್ಲ. ಅನುಮಾನ ಬಂದರೆ ತುದಿ ಸುಟ್ಟು ನೋಡಿ, ಬೂದಿ ಆದರೆ ಹತ್ತಿ, ಮಣಿ ಕಟ್ಟಿದರೆ ಪಾಲಿಯೆಸ್ಟರ್. ಅಂಗಡಿಯ ಕೆಂಪು ದಾರ ತಂದರೆ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡದೆ ಸೂಜಿಗೆ ಪೋಣಿಸಬೇಡಿ.

ಯಾಡಿಯಮಗಳು, ಯಾದಗಿರಿ

ಕನ್ನಡಿ ಕೆಲಸದ ಬಗ್ಗೆ ನಾನು ಹೇಳಬೇಕು. ನಾನು ತಾಂಡಾದವಳು. ನಮ್ಮ ಯಾಡಿ, ಅಂದರೆ ಅವ್ವ, ಈಗಲೂ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ಹೊಲಿಯುತ್ತಾಳೆ.

ಅಕ್ಕಾ, ಎರೆಯ ಬಿರುಕಿಗೆ ಕನ್ನಡಿ ಯಾಕೆ? ನಮ್ಮಲ್ಲಿ ಕನ್ನಡಿ, ಕವಡೆ, ನಾಣ್ಯ ಎಲ್ಲಕ್ಕೂ ಜಾಗ ಇದೆ. ಯಾವುದು ಎದೆ ಮೇಲೆ, ಯಾವುದು ತೋಳಿಗೆ, ಯಾವುದು ಅಂಚಿಗೆ ಅಂತ. ಸುಮ್ನೆ ಒಂದು ಕನ್ನಡಿ ತೆಗೆದು ಇಲ್ಲಿಟ್ಟರೆ ಅದು ಮಿಂಚುತ್ತದೆ, ಅಷ್ಟೇ. ನೋಡುವವರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆ. ನೀವು ಕಷ್ಟಪಟ್ಟು ಬರಿಸಿದ ಬೂದಿ ಯಾರಿಗೂ ಕಾಣಲ್ಲ.

ಇನ್ನೊಂದು ಮಾತು ಮನಸ್ಸಲ್ಲಿದೆ. ಪಟ್ಟಣದವರು ನಮ್ಮ ತಾಂಡಾದ ಹಳೇ ಫೇಟಿಯಾ ಕಡಿಮೆ ದುಡ್ಡಿಗೆ ತಗೊಂಡು ಹೋಗಿ, ಕತ್ತರಿಸಿ, ಚೀಲಕ್ಕೆ ದಿಂಬಿಗೆ ಅಂಟಿಸಿ ಮಾರುತ್ತಾರೆ. ಹೊಲಿದವಳ ಹೆಸರು ಎಲ್ಲೂ ಇರಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದೆ, ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಹೊಲಿಯುವವರಿಗೆ ಅದರಿಂದ ಕೂಲಿ ಹೆಚ್ಚಲ್ಲ. ನಮ್ಮ ಕೆಲಸ ನಿಮಗೆ ಬೇಕು ಅನ್ನಿಸಿದರೆ ಹೊಲಿಯುವವರನ್ನೇ ಕರೆಯಿರಿ. ಕೂಲಿ ಮಾತಾಡಿ. ಏನು ಹಾಕಬೇಕು ಅಂತ ಅವರನ್ನೇ ಕೇಳಿ.

ಹಳೇಕೌದಿ, ಸೇಡಂ

ಈ ಹುಡುಗಿ ಹೇಳಿದ್ದು ಸರಿ. ಕೌದಿ ಹೊಲಿಯುವವರಿಗೂ ಇದೇ ಕಥೆ. ಮನೆಮನೆಗೆ ಬಂದು ಹೊಲಿದುಕೊಡುವ ಹೆಂಗಸರು ಇದ್ದಾರೆ. ಕೂಲಿ ಕೊಡುವಾಗ ಎಲ್ಲರೂ ಚೌಕಾಸಿ ಮಾಡುತ್ತಾರೆ. ಬೆನ್ನು, ಕಣ್ಣು ಹೋಗುವ ಕೆಲಸ ಅದು.

ಸುರಪುರದ ತಮ್ಮಾ, ನೀನು ಬರೆದಿದ್ದು ಮತ್ತೆ ಮತ್ತೆ ಓದಿದೆ. ಗೋಡೆಗೆ ಹಾಕೋದು ಬೇಡ ಅಂತ ಈಗ ನಾನು ಹೇಳಲ್ಲ. ಆದರೆ ಮುಟ್ಟಬೇಡಿ ಅಂತ ಬೋರ್ಡ್ ಹಾಕಬೇಡಿ. ಒಂದು ಮೂಲೆಯನ್ನಾದರೂ ಜನ ಮುಟ್ಟಲಿ.

ಎರೆಮಣ್ಣು, ಕಲಬುರಗಿ

ಯಾದಗಿರಿ ತಂಗಿ, ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಕನ್ನಡಿ ಇರಲ್ಲ. ಕೂಲಿ, ಹೆಸರು ಎರಡರ ಬಗ್ಗೆಯೂ ನಿಮ್ಮ ಮಾತೇ ನನ್ನ ಮಾತು. ಮುಂದಿನ ಕೆಲಸ ಇಬ್ಬರೂ ಸೇರಿ ಮಾಡುವಂಥದ್ದು ಆಗಲಿ ಅಂತ ಆಸೆ ಇದೆ. ಯಾಡಿಯನ್ನು ಕೇಳಿ ನೋಡುತ್ತೀರಾ? ವಿಷಯ ಅವರೇ ಹೇಳಲಿ, ಬಟ್ಟೆಗೆ ಬಣ್ಣ ನಾನು ಹಾಕಿಕೊಡುತ್ತೇನೆ. ಬಟ್ಟೆಯ ಹಿಂಭಾಗಕ್ಕೆ ಹಾಕುವ ಚೀಟಿಯಲ್ಲಿ ಮೊದಲು ಅವರ ಹೆಸರು.

ಸೂಜಿದಾರ ಭಾಯಿ, ದೊಡ್ಡ ಬಿರುಕು ಪದರ ಹಿಡಿದು, ಸಣ್ಣದು ಮೇಲೆ ಮಾತ್ರ ಅಂದಿರಲ್ಲ, ಅದು ಈ ಕೆಲಸಕ್ಕೇ ಹೇಳಿಮಾಡಿಸಿದಂತಿದೆ. ಒಂದು ಸಣ್ಣ ತುಂಡಿನಲ್ಲಿ ಹಾಕಿ ನೋಡಿದೆ. ಪಕ್ಕದಿಂದ ಬೆಳಕು ಬಿದ್ದಾಗ ದೊಡ್ಡ ಗೆರೆಯಲ್ಲಿ ನೆರಳು ನಿಲ್ಲುತ್ತದೆ. ಸಣ್ಣ ಗೆರೆಗಳಲ್ಲಿ ಬರೀ ದಾರದ ಬಣ್ಣ ಕಾಣುತ್ತದೆ. ದಾರ ಕಪ್ಪಲ್ಲ, ತುಕ್ಕಿನ ಬಣ್ಣ. ಕಪ್ಪಿನ ಮೇಲೆ ಕಪ್ಪು ಹಾಕಿದರೆ ಹೊಲಿಗ್ಯಾಕೆ ಹಾಕಿದ್ದು ಅನ್ನುವಂತಾಗುತ್ತದೆ.

ಕುಸುಬೆ ತಮ್ಮಾ, ನಿಮ್ಮ ಗುಲಾಬಿಗೆ ಒಂದು ಜಾಗ ಇಟ್ಟಿದ್ದೇನೆ. ಕೆಳಗಿನ ಎಡಮೂಲೆಯಲ್ಲಿ ಅಂಗೈಯಗಲ. ಮಾಸಿದರೂ ಪಕ್ಕದ ತಿಳಿಬೂದಿ ಅದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸೇಡಂ ಕಾಕು ಕೇಳಿದ, ಜನ ಮುಟ್ಟುವ ಮೂಲೆಯೂ ಅದೇ. ಅಲ್ಲಿ ಮೇಲಿನ ಬಟ್ಟೆ ಮಾದರಪಾಟ ಅಲ್ಲ, ನಮ್ಮ ಮನೆಯ ಹಳೇ ಸೀರೆ.

ಉಳಿದಿದ್ದು ತೂಗುಹಾಕುವುದು. ಮೊಳೆ ಹೊಡೆಯೋಕೆ ಮನಸ್ಸಿಲ್ಲ.

ಸೂಜಿದಾರ, ಹುಮನಾಬಾದ್

ಮೊಳೆ ಬೇಡ. ಹಿಂಭಾಗದ ಮೇಲಂಚಿಗೆ ನಾಲ್ಕು ಇಂಚು ಅಗಲದ ಬಟ್ಟೆ ಕೊಳವೆ ಹೊಲಿಯಿರಿ, ಎಡದಿಂದ ಬಲದವರೆಗೆ. ಹೊಲಿಗೆ ಅಸ್ತರ್‌ನಲ್ಲಿ, ಒಳಗಿನ ಧೋತರದಲ್ಲಿ ಹಿಡಿಯಲಿ, ಮುಂದೆ ಕಾಣಬಾರದು. ಕೊಳವೆಯನ್ನು ಸ್ವಲ್ಪ ಸಡಿಲ ಬಿಡಿ. ಬಿಗಿಯಾದರೆ ಕೋಲು ಹಾಕಿದಾಗ ಮುಂದೆ ದಪ್ಪ ಗೆರೆ ಉಬ್ಬುತ್ತದೆ. ಮರದ ಕೋಲು ಹಾಕಿದರೆ ಭಾರ ಎಲ್ಲ ಕಡೆ ಸಮ ಬೀಳುತ್ತದೆ. ಕೋಲಿಗೆ ಮೊದಲು ವಾರ್ನಿಷ್ ಹಚ್ಚಿ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಮರದ ಕಲೆ ಬಟ್ಟೆಗೆ ಹತ್ತುತ್ತದೆ.

ಬೀದರ್‌ಕೋಟೆ, ಬೀದರ್

ಕಿಟಕಿಯ ಎದುರು ಗೋಡೆಗೆ ಹಾಕಬೇಡಿ, ನೇರ ಬಿಸಿಲು ಬೀಳದ ಕಡೆ ಇರಲಿ. ಇಳಿಸಿ ಇಡುವಾಗ ಮಡಚದೆ, ಚಿತ್ರ ಹೊರಗೆ ಬರುವ ಹಾಗೆ ಸುತ್ತಿ, ಹಳೇ ಬಿಳಿ ಪಂಚೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಬೇಡ.

ಯಾಡಿಯಮಗಳು, ಯಾದಗಿರಿ

ಯಾಡಿಯನ್ನು ಕೇಳಿದೆ. ಮೊದಲು ಬಟ್ಟೆ ಕಳಿಸು, ಕೈಯಲ್ಲಿ ಹಿಡಿದು ನೋಡಿ ಹೇಳ್ತೀನಿ ಅಂದಳು. ಕಡುನೀಲಿ ಇದ್ದರೆ ಒಳ್ಳೆಯದಂತೆ. ತೆಳು ಮಾದರಪಾಟ ಬೇಡ, ದಪ್ಪನೆಯದೇ ಇರಲಿ ಅಂದಿದ್ದಾಳೆ.

ಎರೆಮಣ್ಣು, ಕಲಬುರಗಿ

ಈ ವಾರವೇ ಕಡುನೀಲಿ ಹಾಕುತ್ತೇನೆ. ಎರಡು ಮೀಟರ್ ಸಾಕಾಗುತ್ತದಾ, ಇನ್ನೂ ಬೇಕಾ, ಕೇಳಿ ಹೇಳಿ.